ಒಂದು ಪಾಠ, ಆರು ತುಂಡು

ಭಿನ್ನ ವರ್ಣ, ಭಿನ್ನ ಕುಲ, ಭಿನ್ನ ಅಂತಸ್ತುಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂಡಿಸಿದ ಮಾತ್ರಕ್ಕೆ ಅವರು ಪರಸ್ಪರ ಹತ್ತಿರವಾಗುವರೆಂಬ ನಂಬಿಕೆ ವಿದ್ಯಾವಂತರಲ್ಲಿ ಬಹುಕಾಲ ಇತ್ತು. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಾಗ ಅಲ್ಲಿನ ಅನೇಕ ಸಜ್ಜನರು ಇದನ್ನೇ ನಿರೀಕ್ಷಿಸಿದ್ದರು. ಅದೇ ವರ್ಷ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಪೂರ್ವಗ್ರಹದ ಸ್ವರೂಪವನ್ನು ಕುರಿತ ತಮ್ಮ ಗ್ರಂಥದಲ್ಲಿ ಬರಿಯ ಸಾಮೀಪ್ಯ ಸಾಲದೆಂದು ಎಚ್ಚರಿಸಿದ್ದರು. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಅಧಿಕಾರದಲ್ಲಿರುವವರ ಬೆಂಬಲ ಇವು ಕೂಡಿದಲ್ಲಿ ಸಂಪರ್ಕವು ಸೌಹಾರ್ದವಾಗಬಹುದೆಂಬುದು ಅವರ ಅಭಿಪ್ರಾಯವಾಗಿತ್ತು. ತೀರ್ಪು ಓಡಿದ ವೇಗದಲ್ಲಿ ಈ ಎಚ್ಚರಿಕೆ ಓಡಲಿಲ್ಲ.

1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದಾಗ ಶಾಲೆಗಳಲ್ಲಿ ಹೊಡೆದಾಟವೇ ನಡೆಯಿತು. ಅಧಿಕಾರಿಗಳು ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಲಿಯಟ್ ಅರಾನ್ಸನ್ ಅವರ ನೆರವು ಕೋರಿದರು. ಅರಾನ್ಸನ್ ಉಪದೇಶಕ್ಕೆ ತೊಡಗಲಿಲ್ಲ. ಶಿಷ್ಯರೊಡನೆ ತರಗತಿಯ ಹಿಂಬದಿಯಲ್ಲಿ ಕುಳಿತು ನೋಡಿದರು. ಉಪಾಧ್ಯಾಯರು ಪ್ರಶ್ನೆ ಕೇಳುತ್ತಾರೆ. ಕೆಲವು ಕೈಗಳು ಆತುರದಿಂದ ಮೇಲೇಳುತ್ತವೆ. ಉಳಿದ ಮಕ್ಕಳು ಕಣ್ಣಿಗೆ ಬೀಳದಿರಲೆಂದು ತಲೆ ತಗ್ಗಿಸುತ್ತಾರೆ. ಒಬ್ಬನ ಉತ್ತರ ಸರಿಯಾದರೆ ಕೈಯೆತ್ತಿದ್ದ ಮಿಕ್ಕವರ ಮುಖ ಬಾಡುತ್ತದೆ, ತಪ್ಪಾದರೆ ಅರಳುತ್ತದೆ. ಕರ್ನಾಟಕದ ಯಾವ ಶಾಲೆಯಲ್ಲಾದರೂ ಈ ದೃಶ್ಯ ಅಪರಿಚಿತವೇ? ಸಹಪಾಠಿಯ ಸೋಲಿನಲ್ಲಿ ತನ್ನ ಗೆಲವನ್ನು ಕಾಣುವುದನ್ನು ಯಾವ ಪಠ್ಯಪುಸ್ತಕವೂ ಬೋಧಿಸುವುದಿಲ್ಲ; ಪಾಠದ ಕ್ರಮವೇ ದಿನವೂ ಅದನ್ನು ಕಲಿಸುತ್ತಿರುತ್ತದೆ.

ಆದುದರಿಂದ ಅವರು ಬದಲಿಸಿದ್ದು ಆ ಕ್ರಮವನ್ನೇ. ಐದಾರು ಮಕ್ಕಳ ಒಂದೊಂದು ಗುಂಪು. ಗುಂಪಿನಲ್ಲಿ ಎಲ್ಲ ಮೂಲದವರೂ ಇರಬೇಕು. ಪಾಠವನ್ನು ಅಷ್ಟೇ ಭಾಗ ಮಾಡಿ ಒಬ್ಬೊಬ್ಬರಿಗೆ ಒಂದು ಭಾಗವನ್ನು ಮಾತ್ರ ಕೊಡಲಾಯಿತು. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗವನ್ನು ಪಡೆದವರು ಮೊದಲು ಒಂದೆಡೆ ಸೇರಿ ಚರ್ಚಿಸಿ ಅದನ್ನು ಮನದಟ್ಟು ಮಾಡಿಕೊಳ್ಳುತ್ತಾರೆ. ಅನಂತರ ತಂತಮ್ಮ ಗುಂಪಿಗೆ ಮರಳಿ ಇತರರಿಗೆ ಹೇಳಿಕೊಡುತ್ತಾರೆ. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಚಿತ್ರದ ತುಂಡುಗಳನ್ನು ಜೋಡಿಸುವ ಆಟದ ಹೆಸರನ್ನೇ ಈ ಪದ್ಧತಿಗೂ ಇಟ್ಟು ಜಿಗ್‌ಸಾ ಎಂದರು.

ಅರಾನ್ಸನ್ ಬರೆದಿರುವ ಒಂದು ಪ್ರಸಂಗವಿದೆ. ಮೆಕ್ಸಿಕನ್ ಮೂಲದ ಒಬ್ಬ ಬಾಲಕನಿಗೆ ಇಂಗ್ಲಿಷ್ ಎರಡನೆಯ ಭಾಷೆ. ತನ್ನ ಭಾಗವನ್ನು ಹೇಳಲು ಹೊರಟು ತಡವರಿಸಿದ, ಗುಂಪಿನವರು ಹಂಗಿಸಿದರು. ಮೇಲ್ವಿಚಾರಕರಾಗಿ ನಿಂತಿದ್ದವರು ಗದರಿಸಲಿಲ್ಲ. ಹೀಗೆ ಹಂಗಿಸುತ್ತಿದ್ದರೆ ಅವನಲ್ಲಿರುವ ಭಾಗ ನಿಮಗೆ ತಿಳಿಯುವುದಿಲ್ಲ, ಪರೀಕ್ಷೆಯೋ ಹತ್ತಿರದಲ್ಲಿದೆ ಎಂದಷ್ಟೇ ನೆನಪಿಸಿದರು. ಮಕ್ಕಳು ಒಮ್ಮೆಲೇ ಕರುಣಾಳುಗಳಾದರೆಂದಲ್ಲ. ಆದರೆ ಹಂಗಿಸುವುದನ್ನು ಕೈಬಿಟ್ಟು ಪ್ರಶ್ನೆ ಕೇಳುವುದನ್ನು ಕಲಿತರು. ಸರಿಯಾದ ಪ್ರಶ್ನೆ ಕೇಳಿದಾಗ ಅವನಿಗೆ ಉತ್ತರ ಬರುತ್ತಿತ್ತು. ಅವನು ದಡ್ಡನಲ್ಲವೆಂದು ಅವರಿಗೆ ಗೊತ್ತಾಯಿತು. ಸ್ವಾರ್ಥದಿಂದ ಮೊದಲಾದ ಕೇಳ್ವಿಕೆ ಪರಿಚಯವಾಗಿ ಬೆಳೆಯಿತು. ಮನಸ್ಸು ಶುದ್ಧವಾದ ಮೇಲೆಯೇ ಆಚರಣೆ ಶುದ್ಧವಾದೀತೆಂದು ವಾದಿಸುವ ನೀತಿಜ್ಞರಿಗೆ ಇದು ಕಸಿವಿಸಿಯ ಸಂಗತಿಯಾದರೂ, ಮಕ್ಕಳ ಮಟ್ಟಿಗೆ ಕ್ರಮವು ಅನೇಕ ವೇಳೆ ತಿರುಗುಮುರುಗು. ಕೆಲವೇ ವಾರಗಳಲ್ಲಿ ಆಟದ ಬಯಲಿನಲ್ಲಿಯೂ ಮಕ್ಕಳು ಬೆರೆತು ಆಡುತ್ತಿದ್ದುದು ಕಂಡುಬಂದಿತು.

ಭಾರತದಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. ದೆಹಲಿಯಲ್ಲಿ ಕಡಿಮೆ ಬೆಲೆಗೆ ಸರ್ಕಾರಿ ಭೂಮಿ ಪಡೆದಿದ್ದ ಖಾಸಗಿ ಶಾಲೆಗಳು 2007ರಿಂದ ಬಡಮಕ್ಕಳಿಗೆ ಶೇಕಡ 20 ಸ್ಥಾನಗಳನ್ನು ಶುಲ್ಕವಿಲ್ಲದೆ ಕೊಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಇದರ ಪರಿಣಾಮವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಕೆಲವು ಶಾಲೆಗಳಲ್ಲಿ ಅಧ್ಯಯನದ ಗುಂಪುಗಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಮಾಡುವ ರೂಢಿಯಿತ್ತು. ಯಾರ ಪಕ್ಕಕ್ಕೆ ಯಾರು ಎಂಬುದನ್ನು ಅಂತಸ್ತು ನಿರ್ಧರಿಸಲಿಲ್ಲ, ಹಾಜರಿ ಪುಸ್ತಕ ನಿರ್ಧರಿಸಿತು. ಬಡ ಸಹಪಾಠಿಗಳೊಡನೆ ಕಲಿತ ಸಿರಿವಂತ ಮಕ್ಕಳಲ್ಲಿ ಔದಾರ್ಯ ಹೆಚ್ಚಿತ್ತು, ಭೇದಭಾವ ಕಡಿಮೆಯಿತ್ತು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸುವ ಪರೀಕ್ಷೆಯೊಂದನ್ನೂ ಅವರು ಒಡ್ಡಿದ್ದರು. ಬಹುಮಾನದ ಹಣ ಅಲ್ಪವಾಗಿದ್ದಾಗ ಓಡಲಾರದವನಾದರೂ ತನ್ನ ವರ್ಗದವನೇ ಇರಲೆಂದು ಆರಿಸಿದವರು ಹೆಚ್ಚು. ಹಣ ಬೆಳೆದಂತೆ ಅಂಥವರು ಕಡಿಮೆಯಾದರು. (ಹಿರಿಯರ ವ್ಯಾಪಾರ ವ್ಯವಹಾರಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರಲಾರದು.) ಬಡ ಸಹಪಾಠಿಗಳ ನಡುವೆ ಬೆಳೆದವರಾದರೋ ಹಣ ಅಲ್ಪವಿದ್ದಾಗಲೂ ಬಲ್ಲ ಓಟಗಾರನನ್ನೇ ಹೆಚ್ಚಾಗಿ ಕರೆದರು.

ಇದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಅದೇ ಅಧ್ಯಯನದಲ್ಲಿ ಸಿರಿವಂತ ಮಕ್ಕಳ ಇಂಗ್ಲಿಷ್ ಅಂಕಗಳು ಸ್ವಲ್ಪ ಇಳಿದವು. ಹಿಂದಿ, ಗಣಿತಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಕೆಲವು ಅಂಕಗಳಿಗೆ ಅಂಜುವ ತಂದೆತಾಯಿಗಳನ್ನು ಹಳಿಯುವುದು ಸುಲಭ. ಆದರೆ ಅವರ ಅಂಜಿಕೆ ಸುಳ್ಳಲ್ಲ. ಕರ್ನಾಟಕದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ ಮೇರೆಗೆ ಖಾಸಗಿ ಶಾಲೆಗಳಲ್ಲಿ ಶೇಕಡ 25 ಸ್ಥಾನಗಳು ದುರ್ಬಲ ವರ್ಗದ ಮಕ್ಕಳಿಗೆ ದೊರೆತಿದ್ದವು. 2019ರಲ್ಲಿ ನಿಯಮ ಬದಲಾಗಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಆ ಬಾಗಿಲು ಮುಚ್ಚಿತು. ಹಣದ ಲೆಕ್ಕದಲ್ಲಿ ಅದಕ್ಕೆ ಸಮರ್ಥನೆಯಿದ್ದೀತು. ಒಟ್ಟಿಗೆ ಕೂರಬಹುದಾಗಿದ್ದ ಮಕ್ಕಳು ಮಾತ್ರ ಮತ್ತೆ ಬೇರೆ ಬೇರೆ ಬೀದಿ ಹಿಡಿದರು.

ಆದರೂ ಹಳ್ಳಿಯ ಸಾಮಾನ್ಯ ಶಾಲೆಯಲ್ಲಿಯೂ ಬೆಂಚುಗಳ ಸಾಲು ಊರಿನ ಕೇರಿಗಳ ಸಾಲನ್ನೇ ಹೋಲುವುದುಂಟು. ಕೆಲಸ ಅಲ್ಲಿಂದಲೇ ತೊಡಗಬಹುದು. ಕಾವೇರಿಯ ಪಾಠವನ್ನೇ ಆರು ಭಾಗ ಮಾಡಬಹುದು: ತಲಕಾವೇರಿ, ಹೇಮಾವತಿ ಕಬಿನಿ ಮೊದಲಾದ ಉಪನದಿಗಳು, ಕೃಷ್ಣರಾಜಸಾಗರ, 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ, ಮೆಟ್ಟೂರು, ಕಡಲು ಸೇರುವ ಬಯಲು. ಗುಂಪುಗಳನ್ನು ಮಕ್ಕಳ ಇಚ್ಛೆಗೆ ಬಿಡದೆ ಉಪಾಧ್ಯಾಯರೇ ಮಾಡಬೇಕು. ಬಿಟ್ಟರೆ ಕೇರಿಗಳೇ ಮರುಹುಟ್ಟು ಪಡೆಯುತ್ತವೆ. ಜೋರುಮಾತಿನವನು ಎಲ್ಲವನ್ನೂ ತಾನೇ ಹೇಳಹೊರಟರೆ ನಾಯಕತ್ವವನ್ನು ಸರದಿಯಂತೆ ಬದಲಿಸಬೇಕು. ಮೊದಲ ಕೆಲವು ದಿನ ಗದ್ದಲವೇ ಹೆಚ್ಚು, ಪಕ್ಕದ ತರಗತಿಯಿಂದ ದೂರೂ ಬಂದೀತು. ಹೇಮಾವತಿಯ ಭಾಗ ಕೈಯಲ್ಲಿರುವ ಮಗು ಮೆಲುದನಿಯದಾದರೆ ಉಳಿದ ಐವರು ಬಾಗಿ ಕಿವಿಗೊಡಬೇಕಾಗುತ್ತದೆ.