ಅಂಗಡಿಯ ನಿಯಮವೂ ಹನ್ನೆರಡರ ಗಂಟೆಯೂ

ನಮ್ಮ ಕಥೋಲಿಕ ಮನೆಗಳಲ್ಲಿ ಹಳೆಯ ಟ್ರಂಕು ತೆರೆದರೆ ಒಂದು ಜಪದ ಪುಸ್ತಕ ಸಿಗದೆ ಇರುವುದಿಲ್ಲ. ರಟ್ಟು ಕಿತ್ತುಹೋಗಿರುತ್ತದೆ, ಅಂಚನ್ನು ಹುಳು ತಿಂದಿರುತ್ತದೆ, ನಡುವೆ ಎಂದೋ ಇಟ್ಟ ಗರಿಗಳ ಭಾನುವಾರದ ಗರಿಯ ಚೂರು ಒಣಗಿರುತ್ತದೆ. ಆದರೂ ಪುಸ್ತಕ ತನ್ನ ಕೆಲಸ ಮಾಡುತ್ತದೆ. ಅಜ್ಜಿ ಓದಿದ ಪುಟವನ್ನೇ ಮೊಮ್ಮಗಳೂ ಓದುತ್ತಾಳೆ. ಅದನ್ನು ಅಚ್ಚು ಹಾಕಿದ ಮುದ್ರಣಾಲಯ ಮುಚ್ಚಿಹೋಗಿದ್ದರೂ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಮೊಬೈಲಿನ ಆ್ಯಪ್ ಮಾತ್ರ ಹೀಗೆ ಟ್ರಂಕಿನಲ್ಲಿ ಬಾಳುವ ವಸ್ತುವಲ್ಲ.

ಪ್ರಿಯ ಕುಟುಂಬದವರೇ, ಈ ವಿಷಯವನ್ನು ಬರೆಯಲು ಕಾರಣವಿದೆ. ಪಾಲನಾ ಸಮಿತಿಯಲ್ಲಿ ಲೆಕ್ಕಪತ್ರ ಓದುವಾಗ ‘ಆ್ಯಪ್ ನಿರ್ವಹಣೆ’ ಎಂಬ ಸಾಲು ಬಂದಾಗಲೆಲ್ಲ ಹಿರಿಯರೊಬ್ಬರು ಕೇಳುತ್ತಾರೆ: “ಅಲ್ಲ ಸ್ವಾಮಿ, ಒಂದು ಸಲ ಮಾಡಿದ ಮೇಲೆ ಮುಗೀತಲ್ಲ, ವರ್ಷಾ ವರ್ಷಾ ಅದಕ್ಕೇನು ಕೆಲಸ?” ಪ್ರಶ್ನೆ ನ್ಯಾಯವಾದುದು. ಉತ್ತರ ಎರಡು ಮಾತಿನಲ್ಲಿ ಮುಗಿಯುವುದಿಲ್ಲ.

ಗಡಿಯ ಈಚೆ ತಮಿಳುನಾಡಿನಲ್ಲಿರುವ ನಮ್ಮ ಮನೆಗಳ ಮಾತು ಕನ್ನಡ, ಬಲಿಪೂಜೆ ಕನ್ನಡ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾಯಿತು. ಮಕ್ಕಳು ತಮಿಳು ಕಲಿಯುವುದು ಒಳ್ಳೆಯದೇ. ಆದರೆ ಪರಲೋಕ ಮಂತ್ರವನ್ನು ಬಾಯಲ್ಲಿ ಹೇಳಬಲ್ಲ, ಅಕ್ಷರದಲ್ಲಿ ಓದಲಾರದ ಮಕ್ಕಳು ನಮ್ಮ ಧರ್ಮೋಪದೇಶ ತರಗತಿಯಲ್ಲಿ ಹೆಚ್ಚುತ್ತಿದ್ದಾರೆ. 2019ರಲ್ಲಿ ನಮ್ಮ ಯುವಕರು ನಾಲ್ಕು ಜನ ಸೇರಿ ಒಂದು ಪುಟ್ಟ ಆ್ಯಪ್ ಮಾಡಿದ್ದು ಇವರಿಗಾಗಿಯೇ. ಮೇಲೆ ಕನ್ನಡ ಅಕ್ಷರ, ಕೆಳಗೆ ಅದೇ ಪ್ರಾರ್ಥನೆ ತಮಿಳು ಅಕ್ಷರದಲ್ಲಿ, ಒತ್ತಿದರೆ ಧ್ವನಿ. ಆ ಧ್ವನಿ ನಮ್ಮ ಹಳೆಯ ಉಪದೇಶಿಗಳದು. ಅವರು 2021ರಲ್ಲಿ ತೀರಿಕೊಂಡರು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದ ನಮ್ಮವರ ಮನೆಗಳಲ್ಲಿ ಇಂದಿಗೂ ರಾತ್ರಿ ಜಪಸರ ಮುಂದಾಳಾಗಿ ನಡೆಸುವುದು ಅವರ ಗಂಟಲೇ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಆ್ಯಪ್‌ಗಳು ಸಿಗುವುದು ಮುಖ್ಯವಾಗಿ ಎರಡು ಅಂಗಡಿಗಳಲ್ಲಿ. ಆ್ಯಪಲ್ ಕಂಪನಿಯದು 2008ರ ಜುಲೈಯಲ್ಲಿ ತೆರೆಯಿತು. ಗೂಗಲ್‌ನದು ಅದೇ ವರ್ಷ ಅಕ್ಟೋಬರಿನಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ 2012ರಲ್ಲಿ ಪ್ಲೇ ಸ್ಟೋರ್ ಆಯಿತು. ಅಂಗಡಿಯಲ್ಲಿ ಸರಕು ಇಡಬೇಕಾದರೆ ಅಂಗಡಿಯ ನಿಯಮಕ್ಕೆ ಒಪ್ಪಬೇಕು, ಮತ್ತು ಆ ನಿಯಮ ನಿಂತ ನೀರಲ್ಲ. ಆಂಡ್ರಾಯ್ಡ್ ವ್ಯವಸ್ಥೆ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಪ್ರತಿಯೊಂದು ಆ್ಯಪೂ ತಾನು ಯಾವ ಆಂಡ್ರಾಯ್ಡಿನ ಕಟ್ಟುಪಾಡಿಗೆ ಒಳಪಟ್ಟಿದ್ದೇನೆ ಎಂದು ಒಳಗೆ ಬರೆದುಕೊಂಡಿರುತ್ತದೆ. ಹೊಸ ಆ್ಯಪ್ ಇಡುವವರೂ ಹಳೆಯದನ್ನು ತಿದ್ದಿ ಇಡುವವರೂ 2024ರ ಆಗಸ್ಟ್ 31ರಿಂದ ಆಂಡ್ರಾಯ್ಡ್ 14ಕ್ಕೆ, 2025ರ ಆಗಸ್ಟ್ 31ರಿಂದ ಆಂಡ್ರಾಯ್ಡ್ 15ಕ್ಕೆ ಒಳಪಟ್ಟಿರಬೇಕೆಂದು ಪ್ಲೇ ಸ್ಟೋರ್ ಹೇಳಿತು. ತೀರಾ ಹಿಂದೆ ಉಳಿದ ಆ್ಯಪನ್ನು ಯಾರೂ ಬಂದು ಅಳಿಸುವುದಿಲ್ಲ. ಈಗಾಗಲೇ ಹಾಕಿಕೊಂಡವರ ಫೋನಿನಲ್ಲಿ ಅದು ಇರುತ್ತದೆ. ಹೊಸ ಫೋನ್ ಕೊಂಡವನು ಮೊದಲ ಸಲ ಹುಡುಕಿದರೆ ಮಾತ್ರ ಅವನಿಗೆ ಕಾಣುವುದಿಲ್ಲ. ಆ್ಯಪ್ ಸಾಯುವುದು ಹೀಗೆ, ಸದ್ದಿಲ್ಲದೆ. ಹಳಬರಿಗೆ ಗೊತ್ತೇ ಆಗುವುದಿಲ್ಲ, ಹೊಸದಾಗಿ ಮದುವೆಯಾಗಿ ದೂರದ ಊರಿಗೆ ಹೋದ ಹುಡುಗಿಗೆ ಸಿಗುವುದಿಲ್ಲ.

ಇದಕ್ಕೆ ಒಳ್ಳೆಯ ಕಾರಣವೂ ಇದೆ. 2015ರಲ್ಲಿ ಆಂಡ್ರಾಯ್ಡ್ 6 ಬರುವ ಮೊದಲು, ಆ್ಯಪ್ ಹಾಕಿಕೊಳ್ಳುವಾಗಲೇ ಎಲ್ಲ ಅನುಮತಿಗಳನ್ನೂ ಒಟ್ಟಿಗೆ ಕೊಟ್ಟುಬಿಡಬೇಕಿತ್ತು. ಅಲ್ಲಿಂದ ಮುಂದೆ ಕ್ಯಾಮೆರಾ, ಮೈಕು, ಫೋನ್ ನಂಬರುಗಳ ಪಟ್ಟಿ ಇವಕ್ಕೆ ಬೇರೆ ಬೇರೆಯಾಗಿ ಕೇಳಬೇಕೆಂದಾಯಿತು. ಕಳ್ಳ ಉದ್ದೇಶದವರು ‘ನಾವು ಹಳೆಯ ಕಾಲದ ಆ್ಯಪ್’ ಎಂದು ಹೇಳಿಕೊಂಡು ಆ ಬೇಲಿಯನ್ನು ತಪ್ಪಿಸಿಕೊಳ್ಳುತ್ತಿದ್ದರು. ಎಲ್ಲರನ್ನೂ ಹೊಸ ಕಟ್ಟುಪಾಡಿಗೆ ಎಳೆದು ತರುವುದು ಜನರ ರಕ್ಷಣೆಗೇ. ಆದರೆ ಸಾವಿರ ಇಂಜಿನಿಯರುಗಳಿರುವ ಕಂಪನಿಗೂ ಭಾನುವಾರ ಬಲಿಪೂಜೆಯಾದ ಮೇಲೆ ಕೂತು ಕೆಲಸ ಮಾಡುವ ನಾಲ್ಕು ಹುಡುಗರಿಗೂ ಒಂದೇ ಗಡುವು. ಬೇಕಾದರೆ ಎರಡು ತಿಂಗಳು ಹೆಚ್ಚಿಗೆ ಕೇಳಿಕೊಳ್ಳಬಹುದು, ಅಷ್ಟೇ. ಚಿಕ್ಕ ಭಾಷೆಯ, ಚಿಕ್ಕ ಊರಿನ ಆ್ಯಪ್‌ಗಳಿಗೆ ಇದು ಭಾರವೆಂದೇ ನಮ್ಮ ಅಭಿಪ್ರಾಯ.

ಗಡುವು ದಾಟಲು ಒಂದು ಅಂಕಿ ಬದಲಿಸಿದರೆ ಸಾಕು ಎಂದು ತಿಳಿಯಬೇಡಿ. ನಮ್ಮ ಆ್ಯಪಿನಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆಯಿದೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಹೊಡೆಯುತ್ತದೆ. 2022ರ ಆಂಡ್ರಾಯ್ಡ್ 13ರಿಂದ ಇಂಥ ಸೂಚನೆ ಕೊಡಲು ಫೋನಿನ ಒಡೆಯರ ಅಪ್ಪಣೆ ಬೇಕು. 2023ರ ಆಂಡ್ರಾಯ್ಡ್ 14ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ನಿಮಿಷಕ್ಕೆ ಸರಿಯಾಗಿ ಎಚ್ಚರಿಸುವ ಹಕ್ಕು ತಾನಾಗಿ ಸಿಗುವುದು ಅಲಾರಂ, ಕ್ಯಾಲೆಂಡರ್ ಇಂಥದೇ ಮುಖ್ಯ ಕೆಲಸವಾಗಿರುವ ಆ್ಯಪ್‌ಗಳಿಗೆ. ಬೇರೆಯವರು ಕೇಳಿ ಪಡೆಯಬೇಕು. ಫೋನನ್ನು ಪದೇ ಪದೇ ಎಬ್ಬಿಸಿದರೆ ಬ್ಯಾಟರಿ ಖಾಲಿಯಾಗುತ್ತದೆ, ಅದಕ್ಕೆ ಈ ಲಗಾಮು. ಹೊಸ ಕಟ್ಟುಪಾಡಿಗೆ ಬಂದ ತಿಂಗಳಲ್ಲಿ ಅಜ್ಜಿಯೊಬ್ಬರು ಫೋನ್ ಹಿಡಿದು ಬಂದರು. “ಸ್ವಾಮಿ, ಇದರ ಗಂಟೆ ಹನ್ನೆರಡೂ ಹತ್ತಕ್ಕೆ ಹೊಡೀತದೆ. ನಾನು ಅಷ್ಟೊತ್ತಿಗೆ ಉಣ್ಣಕ್ಕೆ ಕೂತಿರ್ತೀನಿ.” ಅವರ ಪಾಲಿಗೆ ಅದು ಸಣ್ಣ ಮಾತಲ್ಲ. ಹೊಲದಲ್ಲಿದ್ದಾಗಲೂ ಹನ್ನೆರಡಕ್ಕೆ ಸೆರಗು ತಲೆಗೆ ಹೊದ್ದು ನಿಲ್ಲುತ್ತಿದ್ದವರು. ನಮ್ಮ ಹುಡುಗರು ಆ ಅಪ್ಪಣೆಯನ್ನು ಕನ್ನಡದಲ್ಲಿ ಬಿಡಿಸಿ ಕೇಳುವ ಒಂದು ಪುಟ ಸೇರಿಸಿದರು. ಆಮೇಲೆ ಎರಡು ಭಾನುವಾರ ದೇವಾಲಯದ ಬಾಗಿಲಲ್ಲಿ ಕೂತು ಒಬ್ಬೊಬ್ಬರ ಫೋನಿನಲ್ಲೂ ಅದನ್ನು ಒತ್ತಿಕೊಟ್ಟರು. ಗೋಪುರದ ಗಂಟೆಗೆ ಮಾತ್ರ ಇಂದಿಗೂ ಹಗ್ಗ ಎಳೆಯುವವನ ಅಪ್ಪಣೆ ಸಾಕು.

ಗಂಟೆಯ ಮಾತು ಹಾಗಿರಲಿ. ನಮ್ಮನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಇನ್ನೊಂದು ನಿಯಮ. 2022ರ ಜುಲೈ 20ರ ಒಳಗೆ ಪ್ಲೇ ಸ್ಟೋರಿನ ಪ್ರತಿ ಆ್ಯಪೂ ಒಂದು ಫಾರಂ ತುಂಬಬೇಕಿತ್ತು. ಜನರಿಂದ ನೀವು ಏನೇನು ಮಾಹಿತಿ ಪಡೆಯುತ್ತೀರಿ? ಬೇರೆಯವರಿಗೆ ಕೊಡುತ್ತೀರಾ? ಸಾಗಿಸುವಾಗ ಗುಪ್ತಲಿಪಿಯಲ್ಲಿ ಮುಚ್ಚುತ್ತೀರಾ? ಅಳಿಸಿ ಎಂದು ಕೇಳಿದರೆ ಅಳಿಸುತ್ತೀರಾ? ಆ ಪಟ್ಟಿಯಲ್ಲಿ ಹೆಸರು, ಫೋನ್ ನಂಬರುಗಳ ಜೊತೆಗೆ ಆರೋಗ್ಯದ ವಿಷಯ, ಧಾರ್ಮಿಕ ನಂಬಿಕೆ ಎಂಬುವೂ ಪ್ರತ್ಯೇಕವಾಗಿ ಇವೆ.

ನಮ್ಮ ಆ್ಯಪಿನಲ್ಲಿ ‘ಪ್ರಾರ್ಥನಾ ಕೋರಿಕೆ’ ಎಂಬ ಪುಟವಿತ್ತು. ಹೆಸರು, ನಂಬರು ಬರೆದು ಕೋರಿಕೆ ಕಳುಹಿಸಿದರೆ ಬಲಿಪೂಜೆಯಲ್ಲಿ ನೆನೆಯುತ್ತಿದ್ದೆವು. ತುಂಬ ಜನ ಬಳಸುತ್ತಿದ್ದರು. ಫಾರಂ ತುಂಬಲು ಕೂತಾಗ ಹುಡುಗನೊಬ್ಬ, “ಎಲ್ಲದಕ್ಕೂ ಇಲ್ಲ ಅಂತ ಹಾಕಿಬಿಡೋಣ ಸ್ವಾಮಿ, ಯಾರು ಬಂದು ನೋಡ್ತಾರೆ” ಎಂದ. ಬಹಳ ಕಡೆ ಹಾಗೇ ನಡೆದಿರಬಹುದು. ಅಂಗಡಿಯವರು ಹೇಳಿಕೆಯ ಹೊಣೆಯನ್ನು ಹೇಳಿದವರ ಮೇಲೆಯೇ ಬಿಟ್ಟಿದ್ದಾರೆ. ಆದರೆ ಬಂದ ಕೋರಿಕೆಗಳಲ್ಲಿ ಇದ್ದದ್ದೇನು? ಮದುವೆಯಾಗಿ ಏಳು ವರ್ಷವಾದರೂ ಮಗುವಿಲ್ಲದ ಸೊಸೆ. ಗಂಡನ ಕುಡಿತ. ಮಗಳಿಗೆ ಬಂದಿರುವ, ನೆಂಟರಿಗೆ ತಿಳಿಯಬಾರದ ಕಾಯಿಲೆ. ಬಡ್ಡಿ ಸಾಲ. ಇವೆಲ್ಲ ಯಾವುದೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಹೆಸರು ಸಮೇತ ಕೂತಿದ್ದವು, ಮತ್ತು ಮೂರು ಜನರ ಫೋನಿಗೆ ಬರುತ್ತಿದ್ದವು. ಇದು ಪಾಪನಿವೇದನೆಯಲ್ಲ, ಅದರ ಮುದ್ರೆ ಇದಕ್ಕೆ ಅನ್ವಯಿಸುವುದಿಲ್ಲ ಎಂದು ಗುರುಮಠದಲ್ಲಿ ಓದಿದವರು ಹೇಳಬಹುದು. ಬರೆದ ಆ ತಾಯಿಗೆ ಈ ವ್ಯತ್ಯಾಸ ಗೊತ್ತೆ? ಅವಳು ಸ್ವಾಮಿಗಳ ಕಿವಿಗೆ ಹೇಳಿದೆ ಎಂದೇ ನಂಬಿರುತ್ತಾಳೆ.

2011ರಲ್ಲಿ ಅಮೆರಿಕದಲ್ಲಿ ಪಾಪನಿವೇದನೆಗೆ ಸಿದ್ಧಪಡಿಸುವ ಒಂದು ಆ್ಯಪ್ ಬಂದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಫೋರ್ಟ್ ವೇಯ್ನ್–ಸೌತ್ ಬೆಂಡ್ ಧರ್ಮಾಧ್ಯಕ್ಷರಾದ ಕೆವಿನ್ ರೋಡ್ಸ್ ಅವರು ಅದಕ್ಕೆ ಪ್ರಕಟಣೆಯ ಅನುಮತಿ ಕೊಟ್ಟಿದ್ದರು. ಆ್ಯಪ್ ಪಾಪನಿವೇದನೆಗೆ ಬದಲಿಯಾಗದು ಎಂದು ವ್ಯಾಟಿಕನ್ ವಕ್ತಾರರಾಗಿದ್ದ ಫಾದರ್ ಲೊಂಬಾರ್ದಿ ಆಗಲೇ ಸ್ಪಷ್ಟಪಡಿಸಿದರು. ಆ ಆ್ಯಪಿನಲ್ಲೂ ಒಬ್ಬೊಬ್ಬರ ಪುಟಕ್ಕೆ ಗುಪ್ತಪದದ ಬೀಗವಿತ್ತು.

ಪಾಲನಾ ಸಮಿತಿಯಲ್ಲಿ ಎರಡು ಸಂಜೆ ಚರ್ಚೆಯಾಯಿತು. ಸುಳ್ಳು ಬರೆಯುವುದಂತೂ ಬೇಡ ಎಂದಾಯಿತು. ನಿಜ ಬರೆದರೆ, ಮಾಹಿತಿಯನ್ನು ಕಾಯುವ, ಕೇಳಿದಾಗ ಅಳಿಸುವ ಜನ ನಮ್ಮಲ್ಲಿ ಬೇಕಲ್ಲ? ಕೊನೆಗೆ ಆ ಪುಟವನ್ನೇ ತೆಗೆದೆವು. ಈಗ ನೀವು ನೋಡುತ್ತಿರುವಂತೆ ಸಂತ ಅಂತೋಣಿಯವರ ಪೀಠದ ಪಕ್ಕ ಮರದ ಪೆಟ್ಟಿಗೆಯಿದೆ. ಚೀಟಿಗಳನ್ನು ಮಂಗಳವಾರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಆಮೇಲೆ ಧೂಪದ ಕೆಂಡದಲ್ಲಿ ಸುಡುತ್ತೇವೆ. ಮಾಹಿತಿ ಅಳಿಸುವ ಈ ವಿಧಾನದ ಬಗ್ಗೆ ಯಾರಿಗೂ ತಕರಾರಿಲ್ಲ. ದೂರದ ಊರಿನವರಿಗೆ ಇದರಿಂದ ನಷ್ಟವಾಗಿದೆ, ಅದು ನಿಜ. ಕುವೈತಿನಿಂದ ತಾಯಿಯೊಬ್ಬರು, “ನಿಮಗೆ ಹೇಳಿಕೊಳ್ಳಕ್ಕೆ ಇದ್ದ ಒಂದು ಬಾಗಿಲು ಮುಚ್ಚಿದ್ರಿ” ಎಂದರು. ಅವರು ಈಗ ಫೋನ್ ಮಾಡುತ್ತಾರೆ. ಎಲ್ಲರೂ ಮಾಡುವುದಿಲ್ಲ.

ಧರ್ಮೋಪದೇಶ ತರಗತಿಯ ಮಕ್ಕಳ ಹೆಸರು, ಫೋಟೋ, ಅಂಕಗಳನ್ನು ಆ್ಯಪಿನಲ್ಲಿ ಹಾಕುವ ಆಸೆಯೂ ಕೆಲವರಿಗಿತ್ತು. ನಮ್ಮ ದೇಶದ 2023ರ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ತಂದೆತಾಯಿಯರ ಖಚಿತ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಅಂಕಪಟ್ಟಿ ಗೋಡೆಯ ಹಲಗೆಯ ಮೇಲೇ ಇರಲಿ ಎಂದೆವು.

ಇಷ್ಟೆಲ್ಲ ಅನುಮತಿ ಏಕೆ ಎಂದು ಬೇಸರಪಡುವವರಿಗೆ ಒಂದು ಮಾತು. ಪ್ರಾರ್ಥನಾ ಪುಸ್ತಕ ಪ್ರಕಟಿಸಲು ಸ್ಥಳೀಯ ಧರ್ಮಾಧಿಕಾರಿಗಳ ಅನುಮತಿ ಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 826ನೇ ಕಾನೂನು ಹೇಳುತ್ತದೆ. ಅಲ್ಲಿ ಪರೀಕ್ಷಿಸುವುದು ಪ್ರಾರ್ಥನೆ ಸರಿಯಿದೆಯೇ ಎಂದು. ಆ್ಯಪ್ ಅಂಗಡಿಯವರಿಗೆ ನಮ್ಮ ವಿಶ್ವಾಸ ಸಂಗ್ರಹದಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೂ ಗೊತ್ತಾಗದು. ಅವರು ನೋಡುವುದು ಓದುಗನ ಜೇಬಿಗೆ, ಗುಟ್ಟಿಗೆ ಕೈಹಾಕುತ್ತೇವೆಯೇ ಎಂದು. ಎರಡೂ ಬೇಕಾದ ಪರೀಕ್ಷೆಗಳೇ.

ಐಫೋನ್ ಇರುವವರು ನಮ್ಮದು ಅಲ್ಲಿ ಏಕಿಲ್ಲ ಎಂದು ಕೇಳುತ್ತಾರೆ. ಗೂಗಲ್‌ನಲ್ಲಿ ಖಾತೆ ತೆರೆಯಲು 25 ಡಾಲರ್ ಒಮ್ಮೆ ಕೊಟ್ಟರಾಯಿತು, ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್. ಜೊತೆಗೆ ಬರೀ ಪುಸ್ತಕದಂತಿರುವ ಆ್ಯಪನ್ನು ಪುಸ್ತಕದ ಅಂಗಡಿಗೆ ಕೊಡಿ ಎಂಬುದು ಅವರ ನಿಯಮ. ಸದ್ಯಕ್ಕೆ ಧ್ವನಿಯ ಕಡತಗಳನ್ನು ಕೇಳಿದವರಿಗೆ ನೇರವಾಗಿ ಕಳುಹಿಸುತ್ತಿದ್ದೇವೆ.

ನೆರೆಯ ಧರ್ಮಕೇಂದ್ರದ ಯುವಕರು ಹೋದ ವರ್ಷ ಗೀತೆಗಳ ಆ್ಯಪ್ ಮಾಡಲು ಹೊರಟಾಗ ಇನ್ನೊಂದು ಬಾಗಿಲು ಎದುರಾಯಿತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಒಂದು ಗುಂಪು ಸತತ 14 ದಿನ ಪರೀಕ್ಷೆಯಲ್ಲಿ ಸೇರಿರಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿದರು. ಯುವಕರು ತಾಯಂದಿರ ಸಂಘಕ್ಕೆ ಮೊರೆಹೋದರು. ಒಂಬತ್ತು ದಿನದ ನವೇನ ಗೊತ್ತಿತ್ತು, ಇದೆಂಥದು ಹದಿನಾಲ್ಕು ದಿನದ್ದು ಎಂದು ತಾಯಂದಿರು ನಕ್ಕರಂತೆ. ಒಬ್ಬರೂ ನಡುವೆ ಬಿಡಲಿಲ್ಲ.

ಕೊನೆಯದಾಗಿ ಕೀಲಿಯ ವಿಷಯ. ನಮ್ಮ ಖಾತೆ ಶುರುವಿನಲ್ಲಿ ಒಬ್ಬ ಯುವಕನ ಹೆಸರಿನಲ್ಲಿತ್ತು. ಅವನು ಕೆಲಸ ಸಿಕ್ಕಿ ವಿದೇಶಕ್ಕೆ ಹೋದ. ಪ್ರತಿ ಸಲ ಒಳಗೆ ಹೋಗಲು ಅವನ ಫೋನಿಗೆ ಸಂಕೇತ ಬರುತ್ತಿತ್ತು, ಅವನು ಪಾಳಿ ಮುಗಿಸಿ ಎದ್ದ ಮೇಲೆ ಹೇಳಬೇಕಿತ್ತು. ನಮಗೂ ಐದಾರು ವರ್ಷಕ್ಕೆ ವರ್ಗಾವಣೆ ಇದ್ದೇ ಇದೆ. ಹಾಗಾಗಿ ಧರ್ಮಕೇಂದ್ರದ್ದೇ ಇಮೇಲ್ ವಿಳಾಸ ಮಾಡಿಸಿ, ಕಚೇರಿಯ ನಂಬರು ಕೊಟ್ಟು, ಖಾತೆಯನ್ನು ಅದಕ್ಕೆ ಹೊಂದಿಸಿದ್ದೇವೆ. ಆ್ಯಪಿಗೆ ಸಹಿ ಹಾಕುವ ಡಿಜಿಟಲ್ ಕೀಲಿ ಒಂದಿದೆ. ನಮ್ಮಂಥ ಹಳೆಯ ಆ್ಯಪಿನಲ್ಲಿ ಅದು ನಮ್ಮ ಕೈಯಲ್ಲೇ ಇರುವುದರಿಂದ, ಕಳೆದರೆ ಅದೇ ಆ್ಯಪನ್ನು ಮತ್ತೆ ತಿದ್ದಲಾಗದು. ಅದರ ಪ್ರತಿ ಎರಡು ಪೆನ್‌ಡ್ರೈವ್‌ಗಳಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಬೀರುವಿನಲ್ಲಿದೆ. ಮುಂದೆ ಬರುವ ಗುರುಗಳಿಗೆ ಒಪ್ಪಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ, ಬೆಳ್ಳಿಯ ಪಾನಪಾತ್ರೆಯ ಕೆಳಗಿನ ಸಾಲಿನಲ್ಲಿ, ಅದನ್ನೂ ಬರೆದಿದ್ದೇವೆ.

ಈಗ ಈ ಕೆಲಸ ನೋಡಿಕೊಳ್ಳುವವರು ಕಾಲೇಜಿನಲ್ಲಿ ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು. ಜೂನ್ ತಿಂಗಳಲ್ಲೇ ಕೂತರೆ ಆಗಸ್ಟ್ ಗಡುವಿಗೆ ಓಡಾಡಬೇಕಿಲ್ಲ ಎನ್ನುತ್ತಾರೆ. ಹೊಸ ಪ್ರತಿಯನ್ನು ಬೇರೆ ಬೇರೆ ಕಾಲದ ಫೋನ್‌ಗಳಲ್ಲಿ ಹಾಕಿ ನೋಡುವುದು ಅವರಿಗೆ ಅಗತ್ಯ. ಮನೆಯಲ್ಲಿ ಪರದೆ ಬಿರುಕು ಬಿಟ್ಟ, ಬಳಸದೆ ಬಿದ್ದಿರುವ ಹಳೆಯ ಫೋನ್ ಇದ್ದರೆ, ಅದರಲ್ಲಿರುವ ನಿಮ್ಮ ಫೋಟೋ, ನಂಬರುಗಳನ್ನು ಅಳಿಸಿ, ಚಾರ್ಜರ್ ಸಮೇತ ಭಾನುವಾರದ ಎರಡನೆಯ ಬಲಿಪೂಜೆಯಾದ ಮೇಲೆ ಕಚೇರಿಗೆ ತಂದುಕೊಡಿ. ಆನ್ ಆಗುವಂಥದಾದರೆ ಸಾಕು.