ಕಳೆದು ಎಣಿಸಿದ ಮೂರು ತಿಂಗಳು

ಡಾಕ್ಟರು ಕೊಟ್ಟಿದ್ದ ದಿನ ಏಪ್ರಿಲ್ 11. ನನಗೆ ಬಿ.ಪಿ. ಏರಿ ಮಗಳು ಹುಟ್ಟಿದ್ದು ಜನವರಿ 18ಕ್ಕೆ, 28 ವಾರ ತುಂಬಿದಾಗ. ತೂಕ 1,040 ಗ್ರಾಂ. "ಏಳು ತಿಂಗಳ ಕೂಸು ಉಳಿತೈತಿ ಬಿಡವ್ವ, ಎಂಟರದ್ದಾದ್ರೇ ಕಷ್ಟ" ಎಂದು ಅತ್ತೆ ಧೈರ್ಯ ಹೇಳಿದರು. ನಮ್ಮ ದಾವಣಗೆರೆ ಕಡೆ ಎಲ್ಲರೂ ಆಡುವ ಮಾತಿದು. ನಿಜವಲ್ಲ, ಹೊಟ್ಟೆಯಲ್ಲಿ ಹೆಚ್ಚಿಗೆ ಕಳೆದ ಒಂದೊಂದು ವಾರವೂ ಮಗುವಿಗೆ ಬಲವೇ. ಆದರೆ ಆ ರಾತ್ರಿ ನನಗೆ ಆಸರೆಯಾದದ್ದು ಅದೇ ಮಾತು.

ಎನ್‌ಐಸಿಯುವಿನ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ದಿನಗಳನ್ನು ವಿವರವಾಗಿ ಬರೆಯಲು ಈಗಲೂ ಕೈ ಓಡುವುದಿಲ್ಲ. ಶ್ವಾಸಕೋಶ ಅರಳಲೆಂದು ಕೊಳವೆಯಲ್ಲಿ ಸರ್ಫ್ಯಾಕ್ಟೆಂಟ್ ಹಾಕಿದರು, ಉಸಿರಾಟಕ್ಕೆ ನೆರವಾಗಲೆಂದು ಮೂಗಿಗೆ ಸಿಪ್ಯಾಪ್ ಯಂತ್ರದ ಕೊಳವೆ ಕಟ್ಟಿದರು. ಕೂಸು ಉಸಿರಾಡುವುದನ್ನು ಮರೆತಾಗ ಮಾನಿಟರ್ ಕೂಗುತ್ತಿತ್ತು. ಸಿಸ್ಟರ್ ಬಂದು ಬೆರಳಿನಿಂದ ಅಂಗಾಲು ತಟ್ಟಿದರೆ ಎದೆ ಮತ್ತೆ ಏಳುತ್ತಿತ್ತು. ಆಮೇಲೆ ಅವಳನ್ನು ನನ್ನ ಬರಿಯ ಎದೆಯ ಮೇಲೆ ಬೋರಲು ಮಲಗಿಸಿ ಬಟ್ಟೆ ಸುತ್ತಿ ಕಟ್ಟುತ್ತಿದ್ದರು. ಕಾಂಗರೂ ಆರೈಕೆ ಎನ್ನುವ ಈ ಕ್ರಮ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಶುರುವಾದದ್ದಂತೆ. ನನ್ನ ಮೈ ಬಿಸಿಯಲ್ಲಿ ಅವಳ ಉಸಿರು ಸಮನಾಗುವುದನ್ನು ನಾನೇ ಕಂಡಿದ್ದೇನೆ.

ಮನೆಗೆ ಬಂದ ಮೇಲಿನ ಸಂಕಟಕ್ಕೆ ಮಾತ್ರ ಯಾರೂ ನಮ್ಮನ್ನು ಸಿದ್ಧ ಮಾಡಿರಲಿಲ್ಲ. ವಾರಗಿತ್ತಿಯ ಮಗ ಹುಟ್ಟಿದ್ದೂ ಅದೇ ಜನವರಿಯಲ್ಲಿ, ದಿನ ತುಂಬಿ. ಜೂನ್ ಹೊತ್ತಿಗೆ ಅವನು ಬೋರಲು ಬಿದ್ದು, ಕತ್ತೆತ್ತಿ, ಕರೆದ ಕಡೆ ತಿರುಗುತ್ತಿದ್ದ. ನನ್ನವಳಿಗೆ ಕತ್ತು ನಿಂತಿರಲಿಲ್ಲ. ನೋಡಲು ಬಂದವರೆಲ್ಲ ಎರಡು ಕೂಸುಗಳನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ ಹೋಲಿಸುವರು. ಒಂದು ಕ್ಲಿನಿಕ್‌ಗೆ ತೋರಿಸಿದೆವು. ಎಷ್ಟು ವಾರಕ್ಕೆ ಹುಟ್ಟಿದ್ದು ಎಂದು ಅಲ್ಲಿ ಕೇಳಲೇ ಇಲ್ಲ, "ಐದು ತಿಂಗಳಿಗೆ ಇಷ್ಟೇನಾ? ಬುದ್ಧಿ ಬೆಳವಣಿಗೆ ಹಿಂದಿದೆ" ಎಂದು ಟಾನಿಕ್ ಬರೆದರು. ಮನೆಯವರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯ ಮರು ತಪಾಸಣೆಯ ದಿನ ಈ ಚೀಟಿಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಬೆಳವಣಿಗೆಯ ಚಾರ್ಟ್ ಬಿಡಿಸಿ ಐದನೇ ತಿಂಗಳ ಗೆರೆಯಲ್ಲಿ 4.6 ಕಿಲೋ ಎಂದು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟರು. ಅದು ಎಲ್ಲಕ್ಕಿಂತ ಕೆಳಗಿನ ಗೆರೆಗೂ ಕೆಳಗೆ ಬಿತ್ತು. ರಬ್ಬರಿನಿಂದ ಅದನ್ನು ಅಳಿಸಿ, "40 ವಾರ ಆಗಬೇಕಿತ್ತು, 28ಕ್ಕೇ ಬಂದಿದಾಳೆ. ಉಳಿದ 12 ವಾರ ಕಳೀರಿ. ಅವಳಿಗೆ ಈಗ ಎರಡು ತಿಂಗಳು ಅಷ್ಟೇ ಕಣಮ್ಮ" ಎಂದು ಎರಡನೇ ತಿಂಗಳ ಗೆರೆಗೆ ಸರಿಸಿ ಇಟ್ಟರು. ಚುಕ್ಕೆ ಗೆರೆಗಳ ನಡುವೆ ಸರಿಯಾಗಿ ಕೂತಿತು. ಎರಡು ತಿಂಗಳ ಕೂಸಿಗೆ ಕತ್ತು ನಿಲ್ಲುವುದಿಲ್ಲ. ಮುಖ ನೋಡಿ ನಗಬೇಕು, ನಗುತ್ತಿದ್ದಳು. ನಾನು ಅಲ್ಲೇ ಅತ್ತುಬಿಟ್ಟೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ತೂಕ, ಔಷಧ ಎಲ್ಲ ಇತ್ತು, ಈ ಲೆಕ್ಕ ಇರಲಿಲ್ಲ. ಹೆರಿಗೆಗೆ ಕೊಟ್ಟಿದ್ದ ದಿನವನ್ನು ಕಾರ್ಡಿನ ತಲೆಯಲ್ಲೇ ದಪ್ಪಕ್ಷರದಲ್ಲಿ ಬರೆದು ಕೊಟ್ಟರೆ ಎಷ್ಟು ತಾಯಂದಿರ ನಿದ್ದೆ ಉಳಿದೀತು!

ಎಲ್ಲವನ್ನೂ ಕಳೆದು ಎಣಿಸುವಂತಿಲ್ಲ ಎಂದೂ ಅವರು ಒತ್ತಿ ಹೇಳಿದರು. 6, 10, 14ನೆಯ ವಾರದ ಚುಚ್ಚುಮದ್ದು ಹುಟ್ಟಿದ ದಿನದ ಲೆಕ್ಕಕ್ಕೇ. "ಸಣ್ಣ ಕೂಸು, ತಡ್ದು ಹಾಕ್ಸೋಣ" ಎಂದವರ ಮಾತು ಕೇಳಬಾರದು, ಸಣ್ಣ ಕೂಸಿಗೇ ಸೋಂಕಿನ ಭಯ ಹೆಚ್ಚು. ರೆಟಿನಾ ಪರೀಕ್ಷೆಯೂ ಹುಟ್ಟಿದ ತಿಂಗಳೊಳಗೇ ಆಗಬೇಕು, ತಡವಾದರೆ ದೃಷ್ಟಿಗೇ ಕುತ್ತು. ರಾಗಿ ಸರಿಗೆ ಮಾತ್ರ ಅಕ್ಟೋಬರ್‌ವರೆಗೆ ಕಾಯಲು ಹೇಳಿದರು, ಕಳೆದು ಎಣಿಸಿದರೆ ಆಗ ಆರು ತಿಂಗಳು.

ಆಗಸ್ಟಿನಲ್ಲಿ ಕತ್ತು ನಿಂತಿತು, ಸೆಪ್ಟೆಂಬರಿನಲ್ಲಿ ಬೋರಲು ಬಿದ್ದಳು. ಯಾರಾದರೂ ವಯಸ್ಸು ಕೇಳಿದರೆ ಮೂರು ತಿಂಗಳು ಕಳೆದೇ ಹೇಳುತ್ತಿದ್ದೆ. ವರ್ಷದ ಹುಟ್ಟುಹಬ್ಬಕ್ಕೆ ಲೆಕ್ಕದಲ್ಲಿ ಒಂಬತ್ತು ತಿಂಗಳು, ಆದರೂ ದಿಂಬಿನ ಆಸರೆ ಇಲ್ಲದೆ ಕೂರುತ್ತಿರಲಿಲ್ಲ. ಡೈಪರ್ ಬದಲಿಸುವಾಗ ತೊಡೆಗಳು ಬಿಗಿಯಾಗಿ, ಅಗಲಿಸಲು ಬರುತ್ತಿರಲಿಲ್ಲ. ಎತ್ತಿ ನಿಲ್ಲಿಸಿದರೆ ತುದಿಗಾಲಲ್ಲಿ ನಿಂತು ಕಾಲಿಗೆ ಕಾಲು ಹೆಣೆಯುತ್ತಿದ್ದಳು. "ದಿನ ತುಂಬದ್ದಲ್ಲ, ನಿಧಾನಕ್ಕೆ ಆಗ್ತೈತಿ" ಎಂದು ಈಗ ಮನೆಯವರೆಲ್ಲ ಸಮಾಧಾನ ಹೇಳುತ್ತಿದ್ದರು. ಡಾಕ್ಟರಮ್ಮ ಒಪ್ಪಲಿಲ್ಲ. "ಮೂರು ತಿಂಗಳು ಕಳೆದ ಮೇಲೂ ಇದು ಹಿಂದಿದೆ, ಸ್ನಾಯು ಬಿಗಿತ ಇದೆ. ಕಾಯೋದು ಬೇಡ" ಎಂದರು.

ನಾನು ಹೇಳಲು ಹೊರಟಿದ್ದು ಇದನ್ನೇ. ಜೂನ್‌ನಲ್ಲಿ ಸುಳ್ಳು ಭಯ ಬಿಡಿಸಿದ ಲೆಕ್ಕವೇ ಜನವರಿಯಲ್ಲಿ ನಿಜವಾದ ತೊಂದರೆಯನ್ನು ಎತ್ತಿ ತೋರಿಸಿತು. ಕಳೆಯದೆ ನೋಡಿದ್ದರೆ ಎಲ್ಲವೂ ತಡವೆನಿಸಿ ಯಾವುದು ರೋಗ ಎಂದು ಗೊತ್ತಾಗುತ್ತಿರಲಿಲ್ಲ. "ಆಗ್ತೈತಿ" ಎಂದು ಕೂತಿದ್ದರೆ, ಮೆದುಳು ಬೇಗ ಕಲಿಯುವ ತಿಂಗಳುಗಳೇ ಕೈಬಿಟ್ಟು ಹೋಗುತ್ತಿದ್ದವು.

ಅಂದಿನಿಂದ ಫಿಸಿಯೋಥೆರಪಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೇಲಕ್ಕೆ ಮಡಚಿ ಎಣಿಸುವುದು, ತೊಡೆ ಅಗಲಿಸಿ ನನ್ನ ಸೊಂಟದ ಮೇಲೆ ಕೂರಿಸಿಕೊಳ್ಳುವುದು, ಆಟದ ಸಾಮಾನನ್ನು ಕೈಗೆಟುಕದಷ್ಟು ದೂರ ಇಡುವುದು. ಅಳುತ್ತಿದ್ದಳು, ಮಾಡಿಸುತ್ತಿದ್ದೆ. ಲೆಕ್ಕದ ಹನ್ನೊಂದನೇ ತಿಂಗಳಲ್ಲಿ ತಾನಾಗಿ ಕೂತಳು. ಗೋಡೆ ಬಿಟ್ಟು ನಡೆದದ್ದು ಇಪ್ಪತ್ತನೇ ತಿಂಗಳಲ್ಲಿ; ಅತ್ತೆ ಹೊಸ್ತಿಲಿಗೆ ಕಾಯಿ ಒಡೆದರು.

ಎರಡು ವರ್ಷ ತುಂಬಿದ ಮೇಲೆ ಇನ್ನು ಕಳೆಯುವುದು ಬೇಡ ಎಂದರು ಡಾಕ್ಟರಮ್ಮ. ಈಗ ಮೂರು ವರ್ಷ. ಓಡುವಾಗ ಬಲ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ರಾತ್ರಿ ಸ್ಪ್ಲಿಂಟ್ ಕಟ್ಟುತ್ತೇವೆ. ಮಾತು ಮನೆ ತುಂಬ. ಶಾಲೆಗೆ ಹೋಗುವಾಗ ಓದು, ಗಮನ, ಕಣ್ಣು ಎಲ್ಲವನ್ನೂ ಮತ್ತೆ ನೋಡಬೇಕಂತೆ. ಜೂನ್‌ಗೆ ಅಂಗನವಾಡಿಗೆ ಸೇರಿಸುತ್ತಿದ್ದೇವೆ. ಮೆಟ್ಟಿಲು ಹತ್ತುವಾಗ ಕೈ ಕೊಡಿ, ಎತ್ತಿಕೊಳ್ಳಬೇಡಿ ಎಂದು ಟೀಚರಿಗೆ ಹೇಳಿ ಬಂದಿದ್ದೇನೆ.