ರಾಗಿಯ ತಾಳ್ಮೆ

ಧಾನ್ಯಗಳಲ್ಲಿ ರಾಗಿಯಷ್ಟು ತಾಳ್ಮೆಯುಳ್ಳದ್ದು ವಿರಳ. ಮಳೆ ಹಲವು ದಿನ ತಡೆದರೆ ಭತ್ತದ ಪೈರು ಕಂಗೆಡುತ್ತದೆ. ರಾಗಿಯ ಪೈರಾದರೋ ಬಾಡಿದಂತೆ ಕಂಡರೂ ಒಂದು ಹದಮಳೆ ಬಿದ್ದೊಡನೆ ಮತ್ತೆ ತಲೆಯೆತ್ತುತ್ತದೆ. ಕೊಯ್ದ ಮೇಲೆ ಅದರ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಿಂದೆ ಹಗೇವುಗಳಲ್ಲಿ ತುಂಬಿಟ್ಟ ರಾಗಿಯೇ ಬರಗಾಲದಲ್ಲಿ ಎಷ್ಟೋ ಮನೆಗಳ ಒಲೆ ಆರದಂತೆ ಕಾಯಿತು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಸೆರೆಯಲ್ಲಿರಿಸಿ, ಕೊನೆಗೆ ರಾಗಿಗೆ ಗೆಲುವನ್ನು ಕೊಟ್ಟದ್ದು ಈ ಗುಣವನ್ನು ಕಂಡೇ.

ಆದರೆ ಈ ತಾಳ್ಮೆಯೇ ರಾಗಿಗೆ ಮುಳುವಾದದ್ದೂ ಉಂಟು. ಹೇಗೆ ಚೆಲ್ಲಿದರೂ ಬೆಳೆಯುವ ಧಾನ್ಯವೆಂದು ಬಗೆದವರು ಒಳ್ಳೆಯ ಹೊಲವನ್ನೂ ಗೊಬ್ಬರವನ್ನೂ ಬೇರೆ ಬೆಳೆಗಳಿಗೆ ಕೊಟ್ಟು, ಉಳಿದುದನ್ನು ರಾಗಿಗೆ ಬಿಟ್ಟರು. ಪೈರು ಬದುಕಿ ಉಳಿಯುವುದು ಬೇರೆ, ತೆನೆ ತುಂಬಿ ಬಾಗುವುದು ಬೇರೆ. ಮೊದಲನೆಯದಕ್ಕೆ ರಾಗಿಯ ಸ್ವಭಾವವೇ ಸಾಕು. ಎರಡನೆಯದಕ್ಕೆ ರೈತನ ಕೈ ಬೇಕು.

ಕೋಲಾರ, ತುಮಕೂರು ಮೊದಲಾದ ಕಡೆಗಳ ಕೆಂಪು ಭೂಮಿಯಲ್ಲಿ ರಾಗಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆಳೆ. ಅಲ್ಲಿ ಬಿತ್ತನೆಯ ಕಾಲವೇ ಅರ್ಧ ಫಸಲನ್ನು ನಿರ್ಧರಿಸುತ್ತದೆ. ಮಳೆ ಮೊದಲೇ ಹಿಡಿದರೆ ಸುಮಾರು 120 ದಿನಗಳ ದೀರ್ಘಾವಧಿ ತಳಿಯನ್ನು ಬಿತ್ತಬಹುದು. ಆಗಸ್ಟ್ ತಿಂಗಳವರೆಗೆ ತಡವಾದರೆ ಸುಮಾರು 100 ದಿನಗಳಲ್ಲಿ ಮಾಗುವ ತಳಿಯೇ ಲೇಸು. ತಡವಾಗಿ ಬಿತ್ತಿದ ದೀರ್ಘಾವಧಿ ತಳಿ ತೆನೆ ಹೊರಡಿಸುವ ವೇಳೆಗೆ ಮಳೆ ನಿಂತಿದ್ದರೆ, ತೆನೆಯಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚಾಗುತ್ತದೆ.

ಕಾಲದಂತೆಯೇ ಅಂತರವೂ ಮುಖ್ಯವಾದುದು. ಕೈಯಿಂದ ಚೆಲ್ಲಿದ ಬೀಜ ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿ ಮೊಳೆಯುತ್ತದೆ. ಒತ್ತಾದ ಪೈರುಗಳು ಬೆಳಕಿಗೂ ತೇವಕ್ಕೂ ಪರಸ್ಪರ ಪೈಪೋಟಿ ನಡೆಸಿ ಬಡಕಲಾಗುತ್ತವೆ. ಕೂರಿಗೆಯಿಂದ ಸುಮಾರು 30 ಸೆಂಟಿಮೀಟರಿಗೊಂದು ಸಾಲು ಬಿತ್ತಿ, ಸಾಲಿನೊಳಗೆ ಗಿಡಕ್ಕೂ ಗಿಡಕ್ಕೂ ಸುಮಾರು 10 ಸೆಂಟಿಮೀಟರ್ ಉಳಿಸಿದರೆ ಪ್ರತಿ ಗಿಡವೂ ಚೆನ್ನಾಗಿ ತೆಂಡೆಯೊಡೆಯುತ್ತದೆ. ಎಡೆಕುಂಟೆ ಹಾಯಿಸಿ ಕಳೆ ತೆಗೆಯುವುದೂ ಸುಲಭ. ಹೆಚ್ಚಾದ ಪೈರನ್ನು ಕೀಳಲು ರೈತನ ಕೈ ಹಿಂಜರಿಯುವುದು ಸಹಜ. ಕಿತ್ತ ಪೈರಿನ ನಷ್ಟ ಅಂದೇ ಕಣ್ಣಿಗೆ ಬೀಳುತ್ತದೆ; ಕೀಳದೆ ಬಿಟ್ಟುದರ ನಷ್ಟ ತಿಳಿಯುವುದು ಕಣದಲ್ಲಿ ರಾಶಿ ಮಾಡುವ ದಿನ.

ಹಾವೇರಿ ಕಡೆಯ ರೈತರು ಈ ಮರ್ಮವನ್ನು ಬಹಳ ಹಿಂದೆಯೇ ಅರಿತಿದ್ದರು. ಅವರ ‘ಗುಳಿ ರಾಗಿ’ ಪದ್ಧತಿಯಲ್ಲಿ ಹೊಲದ ಉದ್ದಕ್ಕೂ ಅಡ್ಡಕ್ಕೂ ಸಾಲು ಎಳೆದು, ಸಾಲುಗಳು ಕೂಡುವೆಡೆಯಲ್ಲಿ ಗುಳಿ ಮಾಡಿ, ಕೊಟ್ಟಿಗೆ ಗೊಬ್ಬರವಿಟ್ಟು ಎಳೆಯ ಸಸಿಗಳನ್ನು ನೆಡುತ್ತಾರೆ. ಸಸಿ ಬೇರೂರಿದ ಮೇಲೆ ಅದರ ಮೇಲೆ ಕೊರಡನ್ನು ಎಳೆಯುತ್ತಾರೆ. ನೋಡುವವರಿಗೆ ಇದು ನಿರ್ದಯವೆನಿಸಬಹುದು. ಆದರೆ ಬಾಗಿದ ಸಸಿ ಬುಡದಿಂದ ಹೊಸ ತೆಂಡೆಗಳನ್ನು ಹೊರಡಿಸುತ್ತದೆ. ಗಿಡಗಳ ಸಂಖ್ಯೆ ಕಡಿಮೆಯಾದರೂ ತೆನೆಗಳ ಸಂಖ್ಯೆ ಹೆಚ್ಚುತ್ತದೆ.

ಬೀಜದ ಗುಣವನ್ನೂ ಮರೆಯುವಂತಿಲ್ಲ. ‘ರಾಗಿ ಬ್ರಹ್ಮ’ ಎಂದು ಜನರು ಕೊಂಡಾಡಿದ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿದರು. ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ಕಾಯಿಕಟ್ಟುವಂಥದು. ಅದನ್ನು ಸಂಕರಗೊಳಿಸಲು ಅಪಾರ ಸಹನೆ ಬೇಕಾಗಿತ್ತು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳು ಕೂಡಿ ‘ಇಂಡಾಫ್’ ತಳಿಗಳಾದವು. ರೈತರ ಇಳುವರಿ ಹೆಚ್ಚಿತು. ಆದರೂ ಉತ್ತಮ ಬೀಜವೊಂದೇ ಎಲ್ಲವನ್ನೂ ಮಾಡಲಾರದು. ಸಾರಜನಕದ ಗೊಬ್ಬರ ಅತಿಯಾದರೆ ಬೆಂಕಿ ರೋಗಕ್ಕೆ ದಾರಿಯಾಗುತ್ತದೆ. ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತಿದರೆ ನೆಲಕ್ಕೆ ಸಾರ ಸೇರುತ್ತದೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ಕಾಯುತ್ತದೆ.

ವಿಶ್ವಸಂಸ್ಥೆ 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ಬಡವರ ಅನ್ನವೆನಿಸಿದ್ದ ರಾಗಿ ನಗರಗಳಲ್ಲಿಯೂ ಮನ್ನಣೆ ಪಡೆಯಿತು. ಆದರೆ ಎರಡೆಕರೆ ಹೊಲದ ಕುಟುಂಬಕ್ಕೆ ಹೊಗಳಿಕೆಯಿಂದ ಹೊಟ್ಟೆ ತುಂಬದು. ಅದರ ಒಂದು ವರ್ಷದ ಅನ್ನ, ದನಗಳ ಮೇವು, ಮಕ್ಕಳ ಓದು ಎಲ್ಲವೂ ಬಿತ್ತನೆಯ ಆ ಕೆಲವು ವಾರಗಳ ಎಚ್ಚರವನ್ನು ಅವಲಂಬಿಸಿವೆ. ರಾಗಿ ಎಷ್ಟನ್ನೂ ಸಹಿಸೀತು; ಆದರೆ ಪಡೆದ ಆರೈಕೆಗೆ ತಕ್ಕಷ್ಟನ್ನೇ ಕಣಕ್ಕೆ ತಂದು ಸುರಿಯುತ್ತದೆ.